ಒಬ್ಬ ರೈತ ಶಾಸಕ, ಅವನ ಒಂದು ಕಾನೂನು

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಶಾಸನಸಭೆಯ ಕೆಲಸವನ್ನು ಕುರಿತು ನಾಲ್ಕು ಮಾತು ಹೇಳಿ ಎಂದು ಶಿಬಿರದವರು ನಮಗೆ ಅಪ್ಪಣೆ ಮಾಡಿದ್ದಾರೆ. ದೊಡ್ಡ ಮಂತ್ರಿಗಳ ಚರಿತ್ರೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಾವು ಹೇಳುವುದು ಎರಡೇ ಅವಧಿಗೆ ಶಾಸಕನಾಗಿದ್ದ ಒಬ್ಬ ಸಂಪ್ರದಾಯವಾದಿ ರೈತನ ಕಥೆ. ಅಮೆರಿಕದ ಟೆನೆಸ್ಸಿ ರಾಜ್ಯದವನು, ಹೆಸರು ಜಾನ್ ವಾಷಿಂಗ್ಟನ್ ಬಟ್ಲರ್. ಕೆಲವು ವರ್ಷ ಮೇಷ್ಟರ ಕೆಲಸ ಮಾಡಿದ ನಮಗೆ ಈ ಕಥೆ ದೂರದ್ದೆನಿಸುವುದಿಲ್ಲ.

ಬಟ್ಲರ್ 1875ರಲ್ಲಿ ಹುಟ್ಟಿದವನು. ರಾಜ್ಯದ ಉತ್ತರದ ಅಂಚಿನ ಮೇಕನ್ ಕೌಂಟಿಯಲ್ಲಿ ಮುಸುಕಿನ ಜೋಳ, ಹೊಗೆಸೊಪ್ಪು ಬೆಳೆಯುತ್ತಿದ್ದ. ವಯಸ್ಸಿನಲ್ಲಿದ್ದಾಗ ಸ್ವಲ್ಪ ಕಾಲ ಶಾಲೆಯಲ್ಲಿ ಪಾಠವನ್ನೂ ಹೇಳಿದ್ದ. ಬೈಬಲನ್ನು ಅಕ್ಷರಶಃ ನಂಬುವ ಪಂಗಡಕ್ಕೆ ಸೇರಿದವನು. 1922ರಲ್ಲಿ ಕೆಳಮನೆಗೆ ಆರಿಸಿಬಂದ, 1924ರಲ್ಲಿ ಮತ್ತೆ ಗೆದ್ದ. ಊರಿನ ಹುಡುಗಿಯೊಬ್ಬಳು ವಿಶ್ವವಿದ್ಯಾನಿಲಯಕ್ಕೆ ಹೋಗಿ, ಮನುಷ್ಯ ಕೆಳವರ್ಗದ ಪ್ರಾಣಿಯಿಂದ ಬಂದವನೆಂದು ನಂಬಿಕೊಂಡು ಹಿಂದಿರುಗಿದಳೆಂದು ಪಾದ್ರಿಯೊಬ್ಬರು ಉಪದೇಶದಲ್ಲಿ ಹೇಳಿದ್ದು ಅವನ ಮನಸ್ಸಿನಲ್ಲಿ ನಾಟಿತು. ನಾವು ಕಟ್ಟಿದ ತೆರಿಗೆಯಿಂದ ನಡೆಯುವ ಶಾಲೆಯಲ್ಲಿ ನಮ್ಮ ಮಕ್ಕಳ ನಂಬಿಕೆ ಕೆಡಿಸುವುದು ಸರಿಯೇ? ಇದು ಅವನ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳಿ ನಗಬೇಡಿ. ನಾವು ಮೇಷ್ಟರಾಗಿದ್ದಾಗ ಒಬ್ಬ ರೈತರು ಶಾಲೆಯ ಬಾಗಿಲಿಗೆ ಬಂದರು. "ಏನ್ ಮೇಷ್ಟ್ರೇ, ಗ್ರಾಣ ಹಿಡಿದಾಗ್ಲೇ ಊಟ ಮಾಡ್ತೀನಿ ಅಂತ ನಮ್ ಹುಡುಗ ಹಟ ಹಿಡಿದವ್ನೆ. ನೀವೇ ಹೇಳ್ಕೊಟ್ರಂತೆ?" ಎಂದರು. ಅಂಗಳದ ಮಣ್ಣಿನ ಮೇಲೆ ಸೂರ್ಯ, ಭೂಮಿ, ಚಂದ್ರರನ್ನು ಬರೆದು ತೋರಿಸಿದೆವು. ಒಪ್ಪಿದರೆಂದು ನಾವು ಹೇಳುವುದಿಲ್ಲ. ಆದರೆ ನಿಂತು ಪೂರ್ತಿ ಕೇಳಿ ಹೋದರು. ಬಟ್ಲರ್ ಶಾಲೆಯ ಬಾಗಿಲಿಗೆ ಹೋಗಲಿಲ್ಲ, ನೇರವಾಗಿ ಶಾಸನಸಭೆಗೆ ಹೋದ.

ಆತನ ಮಸೂದೆಯ ಸಾರ ಇಷ್ಟು: ಸರ್ಕಾರದ ಹಣ ಪಡೆಯುವ ಯಾವ ಶಾಲೆಯಲ್ಲಾಗಲಿ ವಿಶ್ವವಿದ್ಯಾನಿಲಯದಲ್ಲಾಗಲಿ ಬೈಬಲಿನ ಸೃಷ್ಟಿಕಥೆಯನ್ನು ಅಲ್ಲಗಳೆದು, ಮನುಷ್ಯ ಕೆಳವರ್ಗದ ಪ್ರಾಣಿಯಿಂದ ಬಂದನೆಂದು ಕಲಿಸುವುದು ಅಪರಾಧ. ದಂಡ 100ರಿಂದ 500 ಡಾಲರು. ದಂಡ ತೆರಬೇಕಾದವನು ಉಪಾಧ್ಯಾಯ; ಪುಸ್ತಕ ಅಚ್ಚು ಹಾಕಿದವನಲ್ಲ, ಅದನ್ನು ಪಠ್ಯವಾಗಿ ಗೊತ್ತುಮಾಡಿದ ಸರ್ಕಾರವೂ ಅಲ್ಲ. 1925ರ ಜನವರಿಯಲ್ಲಿ ಕೆಳಮನೆ ಇದನ್ನು 71 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದವು ಐದು. ಮಾರ್ಚಿನಲ್ಲಿ ಮೇಲ್ಮನೆಯಲ್ಲಿ 24ಕ್ಕೆ 6.

ಇಷ್ಟು ಮಂದಿಯೂ ಬಟ್ಲರನಂತೆ ನಂಬಿದವರೇ? ಅಲ್ಲ. ಮೇಲ್ಮನೆ ಇದನ್ನು ಕೊಲ್ಲುತ್ತದೆಂದು ಕೆಳಮನೆಯವರು ಕೈಯೆತ್ತಿದರು, ಗವರ್ನರು ತಡೆಯುತ್ತಾನೆಂದು ಮೇಲ್ಮನೆಯವರು ಕೈಯೆತ್ತಿದರು ಎಂದು ಚರಿತ್ರೆ ಬರೆದವರು ಹೇಳುತ್ತಾರೆ. ಗವರ್ನರ್ ಆಸ್ಟಿನ್ ಪೀ ಸಾಮಾನ್ಯನಲ್ಲ. ಅದೇ ವರ್ಷ ಹಳ್ಳಿ ಶಾಲೆಗಳೂ ಎಂಟು ತಿಂಗಳು ನಡೆಯಬೇಕೆಂದು ಕಾನೂನು ಮಾಡಿಸಿದವನು. ಅದಕ್ಕೆ ಹಳ್ಳಿಯ ಸದಸ್ಯರ ಬೆಂಬಲ ಬೇಕಾಗಿತ್ತು. ಈ ಕಾನೂನು ಜಾರಿಗೆ ಬರುತ್ತದೆಂದು ಯಾರೂ ಭಾವಿಸಿಲ್ಲವೆಂದು ಹೇಳಿಯೇ ಮಾರ್ಚ್ 21ರಂದು ರುಜು ಹಾಕಿದ. ನಮ್ಮ ಸಿಟ್ಟು ಬಟ್ಲರನ ಮೇಲಿಗಿಂತ ಈ ರುಜುವಿನ ಮೇಲೆ ಹೆಚ್ಚು.

ಎರಡು ತಿಂಗಳೊಳಗೆ ಡೇಟನ್ ಎಂಬ ಸಣ್ಣ ಊರಿನ ಉಪಾಧ್ಯಾಯ ಜಾನ್ ಸ್ಕೋಪ್ಸ್ ಮೇಲೆ ಮೊಕದ್ದಮೆ ಬಿತ್ತು. ಕಾನೂನನ್ನು ಪರೀಕ್ಷಿಸಲೆಂದು ಅಮೆರಿಕದ ನಾಗರಿಕ ಸ್ವಾತಂತ್ರ್ಯ ಸಂಘವೇ ಅಂಥ ಉಪಾಧ್ಯಾಯನನ್ನು ಹುಡುಕುತ್ತಿತ್ತು. ಹುಡುಗನಿಗೆ 24 ವರ್ಷ. ಅವನು ಪಾಠ ಹೇಳಿದ ಪುಸ್ತಕ ರಾಜ್ಯ ಸರ್ಕಾರವೇ ಒಪ್ಪಿದ ಪುಸ್ತಕ! ಅದೇ ಪುಸ್ತಕದಲ್ಲಿ ಬಿಳಿಯರೇ ಎಲ್ಲರಿಗಿಂತ ಮೇಲೆಂಬ ಹೊಲಸೂ ಇತ್ತು. ಆ ಪುಟಗಳ ಮೇಲೆ ಯಾರೂ ಮಸೂದೆ ತರಲಿಲ್ಲ.

ವಾದಿಸಲು ಬಂದವರನ್ನು ನೋಡಿ. ಸರ್ಕಾರದ ಕಡೆ ವಿಲಿಯಂ ಜೆನಿಂಗ್ಸ್ ಬ್ರಯನ್, ಮೂರು ಸಲ ಅಧ್ಯಕ್ಷ ಪದವಿಗೆ ನಿಂತು ಸೋತವನು, ಸಾಲದಲ್ಲಿ ಮುಳುಗಿದ ರೈತರ ಪರ ಗುಡುಗಿದವನು. ಉಪಾಧ್ಯಾಯನ ಕಡೆ ಕ್ಲಾರೆನ್ಸ್ ಡ್ಯಾರೋ. 1894ರ ರೈಲ್ವೆ ಮುಷ್ಕರದ ನಾಯಕ, ಮುಂದೆ ಸಮಾಜವಾದಿಯಾದ ಯೂಜಿನ್ ಡೆಬ್ಸ್‌ನ ವಕೀಲನಾಗಿದ್ದವನು. ಬಡವರ ಪರ ನಿಂತ ಇಬ್ಬರು ಎದುರುಬದುರಾದರು. ಪಟ್ಟಣದ ಪತ್ರಿಕೆಯವರು ಬಂದು ಹಳ್ಳಿಗರನ್ನು ಹೀಯಾಳಿಸಿ ಬರೆದರು. ಹೀಯಾಳಿಕೆಯಿಂದ ಒಬ್ಬ ರೈತನಾದರೂ ಡಾರ್ವಿನನನ್ನು ಓದಿದನೆಂದು ನಾವು ನಂಬುವುದಿಲ್ಲ.

ಬಟ್ಲರನೂ ಪತ್ರಿಕೆಗೆ ವರದಿ ಬರೆಯಲು ಅಲ್ಲಿ ಕುಳಿತಿದ್ದ. ಮಸೂದೆ ತಂದಾಗ ವಿಕಾಸವಾದದ ವಿಷಯ ತನಗೇನೂ ಗೊತ್ತಿರಲಿಲ್ಲವೆಂದು ಅವನೇ ಒಪ್ಪಿಕೊಂಡ. ವಿಜ್ಞಾನಿಗಳ ಸಾಕ್ಷ್ಯವನ್ನು ಜೂರಿ ಕೇಳಕೂಡದೆಂದು ನ್ಯಾಯಾಧೀಶ ತೀರ್ಮಾನಿಸಿದಾಗ ಬಟ್ಲರನಿಗೆ ಅದು ಹಿಡಿಸಲಿಲ್ಲ. ಓದಿದವರ ಮಾತು ಕೇಳಿದ್ದರೆ ತಾನೂ ಒಂದಿಷ್ಟು ಕಲಿಯುತ್ತಿದ್ದೆ ಎಂಬ ಅರ್ಥದಲ್ಲಿ ಮಾತನಾಡಿದ. ಕೇಳುವ ಮನಸ್ಸಿತ್ತು, ಸಂಗಾತಿಗಳೇ. ಆದರೆ ಕೇಳಬಾರದೆಂಬ ಕಾನೂನು ಅವನದೇ.

ಜುಲೈ 21ರಂದು ಸ್ಕೋಪ್ಸ್‌ಗೆ 100 ಡಾಲರು ದಂಡವಾಯಿತು. ಐದು ದಿನಕ್ಕೆ ಬ್ರಯನ್ ಅದೇ ಊರಿನಲ್ಲಿ ತೀರಿಕೊಂಡ. 50 ಡಾಲರಿಗಿಂತ ಹೆಚ್ಚಿನ ದಂಡವನ್ನು ಜೂರಿಯೇ ಹಾಕಬೇಕಿತ್ತೆಂದು 1927ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ತಳ್ಳಿಹಾಕಿತು. ಕಾನೂನನ್ನು ಮಾತ್ರ ಉಳಿಸಿತು. ಸ್ಕೋಪ್ಸ್ ಮೇಷ್ಟರ ಕೆಲಸ ಬಿಟ್ಟು ಭೂವಿಜ್ಞಾನಿಯಾದ. ಮಿಸಿಸಿಪ್ಪಿ, ಅರ್ಕನ್ಸಾಸ್ ರಾಜ್ಯಗಳು ಇಂಥದೇ ಕಾನೂನು ಮಾಡಿದವು. ಪ್ರಕಾಶಕರು ಪುಸ್ತಕ ಮಾರಾಟವಾಗಬೇಕೆಂದು ಆ ಪದವನ್ನೇ ಅಳಿಸತೊಡಗಿದರು. ಬಟ್ಲರ್ 1952ರಲ್ಲಿ ಸತ್ತ. ಅವನ ಕಾನೂನು ಅವನಿಗಿಂತ 15 ವರ್ಷ ಹೆಚ್ಚು ಬದುಕಿ, 1967ರಲ್ಲಿ ರದ್ದಾಯಿತು.

ಅಲ್ಲಿ ಕೈಯೆತ್ತಿದವರನ್ನು ಎಣಿಸಬಹುದಾಗಿತ್ತು. ನಮ್ಮಲ್ಲಿ 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸವಾದದ ಭಾಗವನ್ನು ಕೈಬಿಟ್ಟಿತು. ಮಕ್ಕಳ ಹೊರೆ ಇಳಿಸುತ್ತೇವೆಂದರು. ಮಸೂದೆಯಿಲ್ಲ, ಮತವಿಲ್ಲ. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಉಪಾಧ್ಯಾಯರು ಬಹಿರಂಗ ಪತ್ರ ಬರೆದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಉಳಿದಿದೆಯಲ್ಲ ಎಂಬ ಉತ್ತರ ಬಂತು. ನಮ್ಮಂತೆ ಮೆಟ್ರಿಕ್ಕಿಗೇ ಓದು ನಿಲ್ಲಿಸುವ ರೈತನ ಮಗ ಹನ್ನೆರಡರ ಪುಸ್ತಕವನ್ನು ಎಲ್ಲಿ ಕಾಣುತ್ತಾನೆ?

ಹಳೆಯ ಹತ್ತನೆಯ ತರಗತಿಯ ಪುಸ್ತಕವೊಂದನ್ನು ನಾವು ಚೀಲದಲ್ಲಿ ತಂದಿದ್ದೇವೆ. ಮಧ್ಯಾಹ್ನ ಊಟವಾದ ಮೇಲೆ ಆ ಪಾಠವನ್ನು ಓದೋಣ. ಊರಿನವರು ಬರುವುದಾದರೆ ಅವರನ್ನೂ ಕರೆತನ್ನಿ.