ಬೆರೆತರೆ ಕಸ, ಬೇರ್ಪಟ್ಟರೆ ಕಾಸು



ಕಸದ ಬಗ್ಗೆ ಭಾಷಣ ಎಂದ ಕೂಡಲೇ ರೇಡಿಯೋದ ಕಿವಿ ತಿರುಗಿಸುವವರು ಇರಬಹುದು. ಸ್ವಲ್ಪ ತಡೆಯಿರಿ. ಊರು ಗುಡಿಸಿರಿ ಎಂಬ ಉಪದೇಶಕ್ಕೆ ನಾನು ಬಂದವನಲ್ಲ. ನಮ್ಮ ಮನೆಯಿಂದ ಹೊರಗೆ ಹೋಗುವ ವಸ್ತುಗಳಲ್ಲಿ ನಿಜವಾದ ಕಸ ಯಾವುದು, ಕಸವಲ್ಲದ್ದು ಯಾವುದು ಎಂಬ ಒಂದು ಸಣ್ಣ ಲೆಕ್ಕವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನಿಗೆ ಲೆಕ್ಕ ಬಿಟ್ಟರೆ ಬೇರೆ ಮಾತು ಬರುವುದು ಕಡಿಮೆ.

ಆದ್ದರಿಂದ ಬ್ಯಾಂಕಿನಿಂದಲೇ ಆರಂಭಿಸುತ್ತೇನೆ. ದಿನವಿಡೀ ಕೌಂಟರಿಗೆ ಬಂದ ನೋಟುಗಳನ್ನು ಸಂಜೆ ವಿಂಗಡಿಸುವ ಕೆಲಸ ನಮಗಿತ್ತು. ಇನ್ನೂ ಓಡಾಡಬಲ್ಲ ನೋಟು ಒಂದು ಕಡೆ, ಮಾಸಿದ್ದು ಒಂದು ಕಡೆ, ಹರಿದದ್ದು ಇನ್ನೊಂದು ಕಡೆ. ಮೀನಿನ ವಾಸನೆಯ ನೋಟು, ಅಡಿಕೆಯ ಚೊಗರು ಹಿಡಿದ ನೋಟು, ಎಲೆ ಅಡಿಕೆಯ ಸಂಚಿಯಲ್ಲಿ ಎಂಟು ಮಡಿಕೆಯಾದ ನೋಟು, ಎಲ್ಲವೂ ಬರುತ್ತಿದ್ದವು. ನೂರು ನೋಟಿಗೊಂದು ಕಟ್ಟು. ಮಾಸಿದ ನೋಟನ್ನು ಒಳ್ಳೆಯದರೊಂದಿಗೆ ಬೆರೆಸಿ ಕಟ್ಟಿದರೆ ಮರುದಿನ ಅಷ್ಟನ್ನೂ ಬಿಚ್ಚಿ ಮತ್ತೆ ಎಣಿಸಬೇಕು. ಬೆರೆಸುವುದಕ್ಕೆ ಒಂದು ಕ್ಷಣ ಸಾಕು, ಬೇರ್ಪಡಿಸುವುದಕ್ಕೆ ಒಂದು ಗಂಟೆ ಬೇಕು. ನಾನು ಅಲ್ಲಿ ಕಲಿತ ದೊಡ್ಡ ಪಾಠ ಇದೇ.

ಮಾಸಿದ ನೋಟು ಕೊನೆಗೆ ಏನಾಗುತ್ತದೆ ಗೊತ್ತೇ? ಹಿಂದೆ ರಿಸರ್ವ್ ಬ್ಯಾಂಕಿನವರು ಅದನ್ನು ಸುಡುತ್ತಿದ್ದರು. ಆಮೇಲೆ ಯಂತ್ರದಲ್ಲಿ ಚೂರು ಮಾಡಿ ಒತ್ತಿ ಇಟ್ಟಿಗೆಯಂತೆ ಮಾಡುವ ಕ್ರಮ ಬಂತು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟುಗಳು ರದ್ದಾದುದು ನಿಮಗೆಲ್ಲ ನೆನಪಿದೆ. ಹಾಗೆ ತಿರುವನಂತಪುರದ ರಿಸರ್ವ್ ಬ್ಯಾಂಕಿನಲ್ಲಿ ಚೂರಾದ ನೋಟುಗಳು ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ವಳಪಟ್ಟಣಕ್ಕೆ ಬಂದವು. ಅಲ್ಲಿನ ವೆಸ್ಟರ್ನ್ ಇಂಡಿಯಾ ಪ್ಲೈವುಡ್ಸ್ ಕಾರ್ಖಾನೆಯಲ್ಲಿ ಅವುಗಳನ್ನು ಮರದ ತಿರುಳಿನೊಂದಿಗೆ ಕಲಸಿ ಹಾರ್ಡ್‌ಬೋರ್ಡ್ ಮಾಡಿದರು. ನಿನ್ನೆಯವರೆಗೆ ಸಾವಿರ ರೂಪಾಯಿಯಾಗಿದ್ದದ್ದು ಇಂದು ಹಲಗೆ. ನೋಟಿನ ಚೂರು ಬೇರೆಯಾಗಿಯೇ ಬಂದುದರಿಂದ ಹಲಗೆಯಾಯಿತು. ಅದೇ ಚೂರು ಮೀನಿನ ತಲೆ, ಅನ್ನದ ತಿಳಿಯೊಂದಿಗೆ ಬೆರೆತು ಬಂದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ಬೆರೆತರೆ ಕಸ, ಬೇರ್ಪಟ್ಟರೆ ಕಾಸು. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ನನ್ನ ಭಾಷಣದ ಮುಕ್ಕಾಲು ಪಾಲು ಮುಗಿದಂತೆ.

ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಡಿಕೆ ಮರದಿಂದ ಬಿದ್ದ ಹಾಳೆ ತಲೆಗೆ ಮುಟ್ಟಾಳೆಯಾಯಿತು, ಸೆಕೆಗೆ ಬೀಸಣಿಗೆಯಾಯಿತು, ಊಟಕ್ಕೆ ತಟ್ಟೆಯಾಯಿತು. ತೆಂಗಿನ ಮಡಲು ತಟ್ಟಿಯಾಯಿತು, ಅದರ ಕಡ್ಡಿ ಹಿಡಿಸೂಡಿಯಾಯಿತು, ಉಳಿದದ್ದು ಬಚ್ಚಲ ಒಲೆಗೆ. ಒಲೆಯ ಬೂದಿ ಪಾತ್ರೆ ತಿಕ್ಕಲು, ಮತ್ತೆ ತೆಂಗಿನ ಬುಡಕ್ಕೆ. ಹಾರ್ಲಿಕ್ಸ್ ಬಾಟ್ಲಿಯಲ್ಲಿ ಉಪ್ಪಿನಕಾಯಿ, ಡಾಲ್ಡಾ ಡಬ್ಬದಲ್ಲಿ ತುಳಸಿ ಗಿಡ, ಹಳೆಯ ಟಯರಿನ ರಬ್ಬರಿನಿಂದ ಬಾವಿಯ ಬಕೆಟ್. ಅಜ್ಜಿಯ ಸೀರೆ ಮೊಮ್ಮಗುವಿನ ತೊಟ್ಟಿಲು. ಇದನ್ನು ಪರಿಸರ ಪ್ರೇಮ ಎಂದು ಅವರು ಕರೆಯಲಿಲ್ಲ. ಬಡತನವೂ ಇತ್ತು, ವಸ್ತುವಿನ ಮೇಲೆ ಗೌರವವೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬಿಸಾಡಿದ್ದು ಮಣ್ಣಾಗುತ್ತಿತ್ತು. ಇಂದು ನಾವು ಬಿಸಾಡುವುದು ಮಣ್ಣಾಗುವುದಿಲ್ಲ. ಬದಲಾದದ್ದು ಅಷ್ಟೇ, ಆದರೆ ಆ ಅಷ್ಟೇ ಬಹಳ ದೊಡ್ಡದು.

ಗಡಿನಾಡಿನಲ್ಲಿ ಎರಡು ಭಾಷೆ ಬಲ್ಲ ನಿಮಗೆ ಒಂದು ಸ್ವಾರಸ್ಯ ಹೇಳುತ್ತೇನೆ. ಪಂಚಾಯತಿನ ನೋಟೀಸಿನಲ್ಲಿ ಮಲಯಾಳದಲ್ಲಿ ‘ಮಾಲಿನ್ಯಂ’ ಎಂದು ಬರೆದಿದ್ದರೆ ಅದರ ಅರ್ಥ ಕಸ. ಕನ್ನಡದಲ್ಲಿ ಮಾಲಿನ್ಯ ಎಂದರೆ ನೀರು, ಗಾಳಿ ಕೆಡುವುದು. ಶಬ್ದ ಒಂದೇ. ಮಲಯಾಳದಲ್ಲಿ ಅದು ಕಾರಣವನ್ನು ಹೇಳುತ್ತದೆ, ಕನ್ನಡದಲ್ಲಿ ಪರಿಣಾಮವನ್ನು ಹೇಳುತ್ತದೆ. ಎರಡನ್ನೂ ಬಲ್ಲವರಿಗೆ ಕಸದಿಂದ ಏನಾಗುತ್ತದೆಂದು ಬೇರೆ ವಿವರಿಸಬೇಕಾಗಿಲ್ಲ. ‘ಜೈವ ಮಾಲಿನ್ಯಂ’ ಎಂದರೆ ಕೊಳೆಯುವ ಹಸಿ ಕಸ. ‘ಅಜೈವ ಮಾಲಿನ್ಯಂ’ ಎಂದರೆ ಕೊಳೆಯದ ಒಣ ಕಸ. ಮಲಯಾಳ ಅಕ್ಷರ ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಈ ಎರಡು ಮಾತು ಅವರಿಗೆ ತಿಳಿಸಿಕೊಡಿ.

ಹಸಿ ಕಸದ ಚಿಂತೆ ಹಳ್ಳಿಯವರಾದ ನಮಗೆ ಹೆಚ್ಚಿಲ್ಲ. ದನಕ್ಕೆ, ಗೊಬ್ಬರದ ಗುಂಡಿಗೆ, ತೆಂಗಿನ ಬುಡಕ್ಕೆ ಅದು ಹೋಗುತ್ತದೆ. ತೊಂದರೆ ಇರುವುದು ಒಣ ಕಸದಲ್ಲಿ. ಅದನ್ನು ಒಯ್ಯಲು ಮನೆಬಾಗಿಲಿಗೆ ಬರುವವರು ಹರಿತ ಕರ್ಮ ಸೇನೆಯ ಮಹಿಳೆಯರು. ಅವರಲ್ಲಿ ಹೆಚ್ಚಿನವರು ಕುಟುಂಬಶ್ರೀಯ ಸದಸ್ಯೆಯರು, ನಮ್ಮ ನಿಮ್ಮ ನೆರೆಮನೆಯ ಅಕ್ಕ ತಂಗಿಯರು. ಹಳ್ಳಿಯ ಮನೆಯೊಂದಕ್ಕೆ ತಿಂಗಳಿಗೆ ಸಾಮಾನ್ಯವಾಗಿ 50 ರೂಪಾಯಿ. “ನಮ್ಮ ಕಸ ಕೊಟ್ಟು ನಾವೇ ಹಣ ಕೊಡುವುದೇ? ಗುಜರಿಯವನಾದರೆ ಅವನೇ ಹಣ ಕೊಡುತ್ತಾನಲ್ಲ” ಎಂದು ಕೇಳುವವರನ್ನು ನಾನು ಕಂಡಿದ್ದೇನೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೀಗಿದೆ. ನಾವು ಗುಜರಿ ಎನ್ನುವ, ಮಲಯಾಳದವರು ಆಕ್ರಿ ಎನ್ನುವ ವ್ಯಾಪಾರಿ ಕಬ್ಬಿಣ, ಹಿತ್ತಾಳೆ, ಪೇಪರು, ಗಟ್ಟಿ ಪ್ಲಾಸ್ಟಿಕ್ ಮಾತ್ರ ಒಯ್ಯುತ್ತಾನೆ, ಏಕೆಂದರೆ ಅದಕ್ಕೆ ಕ್ರಯ ಉಂಟು. ಚಿಪ್ಸಿನ ಪೊಟ್ಟಣ, ಹರಿದ ಚಪ್ಪಲಿ, ತೆಳು ಕೈಚೀಲ ಅವನಿಗೆ ಬೇಡ. ಯಾರಿಗೂ ಬೇಡವಾದ ಅದನ್ನು ಒಯ್ಯುವ ಕೂಲಿಯೇ ಈ 50 ರೂಪಾಯಿ. ಅವರು ಅದನ್ನು ಪಂಚಾಯತಿನ ಸಂಗ್ರಹ ಕೇಂದ್ರಕ್ಕೆ ಮುಟ್ಟಿಸಿ, ಕೂತು ಬಿಡಿಸಿ ವಿಂಗಡಿಸುತ್ತಾರೆ. ಚೊಕ್ಕವಾಗಿ ಬೇರ್ಪಟ್ಟದ್ದಕ್ಕೆ ಕ್ರಯ ಸಿಗುತ್ತದೆ. ಕೊಳೆಯಾದದ್ದನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೋ ಬೇರೆ ಕಡೆಗೋ ಕಳುಹಿಸುವ ಖರ್ಚು ಊರಿನ ಮೇಲೆಯೇ ಬೀಳುತ್ತದೆ.

ಆ ಮಹಿಳೆಯರ ಸಂಪಾದನೆ ಎಷ್ಟೆಂದು ತಿಳಿಯಲು ಒಂದು ಸಂಗತಿ ಸಾಕು. 2023ರ ಜುಲೈಯಲ್ಲಿ ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯ ಹರಿತ ಕರ್ಮ ಸೇನೆಯ 11 ಮಂದಿಗೆ ಕೇರಳ ಲಾಟರಿಯಲ್ಲಿ 10 ಕೋಟಿ ರೂಪಾಯಿಯ ಬಹುಮಾನ ಬಂದುದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಎಲ್ಲರೂ ಬಹುಮಾನದ ಸಂಖ್ಯೆ ನೋಡಿದರು. ನಾನು ಟಿಕೆಟಿನ ಸಂಖ್ಯೆ ನೋಡಿದೆ. 250 ರೂಪಾಯಿಯ ಒಂದು ಟಿಕೆಟಿಗೆ 11 ಮಂದಿ ಕೈಕೂಡಿಸಬೇಕಾಗಿತ್ತು. ಆದ್ದರಿಂದ ಅವರು ಬಂದಾಗ ಪ್ಲಾಸ್ಟಿಕನ್ನು ತೊಳೆದು, ಒಣಗಿಸಿ, ಮಡಚಿ ಕೊಡೋಣ. ಹಾಲಿನ ಪ್ಯಾಕೆಟ್ ಮಿಲ್ಮಾದ್ದಿರಲಿ, ನಂದಿನಿಯದ್ದಿರಲಿ, ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಕತ್ತರಿಸಿದ ತುಂಡು ಉಗುರಿನಷ್ಟು ಚಿಕ್ಕದು, ಅದನ್ನು ಯಾರೂ ಹೆಕ್ಕುವುದಿಲ್ಲ. ತುಂಡು ಪ್ಯಾಕೆಟಿಗೆ ಅಂಟಿಕೊಂಡೇ ಇರುವಂತೆ ಸೀಳಿದರೆ ಆಯಿತು. ಒಡೆದ ಗಾಜನ್ನು ಬೇರೆಯಾಗಿ ಪೇಪರಿನಲ್ಲಿ ಸುತ್ತಿ, ಹೇಳಿಯೇ ಕೊಡಿ. ಗೋಣಿಯೊಳಗೆ ಕೈ ಹಾಕುವುದು ಒಬ್ಬ ತಾಯಿ.

ತೊಳೆದು ಕೊಟ್ಟರೆ ಏನು ಪ್ರಯೋಜನ ಎನ್ನುವವರಿಗೆ ಮಧುರೆಯ ಒಂದು ಉದಾಹರಣೆ. ಅಲ್ಲಿನ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರು, ಚೂರು ಮಾಡಿದ ಪ್ಲಾಸ್ಟಿಕನ್ನು ಕಾದ ಜಲ್ಲಿಕಲ್ಲಿನ ಮೇಲೆ ಲೇಪಿಸಿ ಡಾಮರಿನೊಂದಿಗೆ ರಸ್ತೆಗೆ ಹಾಕುವ ವಿಧಾನ ಕಂಡುಹಿಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಕೆಲಸಕ್ಕೂ ಬೇಕಾಗುವುದು ಒಣಗಿದ, ಚೊಕ್ಕವಾದ ಪ್ಲಾಸ್ಟಿಕ್.

ಇನ್ನು ಕೆಲವು ಎಚ್ಚರಿಕೆಯ ಮಾತು. ಮರುಬಳಕೆ ಒಳ್ಳೆಯದೆಂದು ಎಲ್ಲವನ್ನೂ ಮರುಬಳಕೆ ಮಾಡುವುದು ತರವಲ್ಲ. ಮೊದಲನೆಯದು ವಿಷದ ಡಬ್ಬ. ನಮ್ಮ ಜಿಲ್ಲೆಯವರಿಗೆ ವಿಷ ಎಂದರೇನೆಂದು ಹೊರಗಿನವರು ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಣ್ಮಕಜೆಯ ಪಡ್ರೆಯಂಥ ಊರುಗಳಿಗೆ ಏನು ಮಾಡಿತೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ದೇಶದಾದ್ಯಂತ ತಡೆಯಿತು. ಆದರೆ ಬೇರೆ ಕೀಟನಾಶಕಗಳ, ಕಳೆನಾಶಕಗಳ ಕ್ಯಾನುಗಳು ಈಗಲೂ ಕೆಲವು ಕೊಟ್ಟಿಗೆಗಳಲ್ಲಿವೆ. ಎಷ್ಟು ತೊಳೆದರೂ ಅದರಲ್ಲಿ ನೀರು, ಎಣ್ಣೆ, ಹಿಂಡಿ ತುಂಬಿಸಿಡಬೇಡಿ. ತೂತು ಮಾಡಿ ಬೇರೆಯಾಗಿ ಇಟ್ಟು, ಏನು ಮಾಡಬೇಕೆಂದು ಕೃಷಿ ಭವನದಲ್ಲಿ ವಿಚಾರಿಸಿ. ಎರಡನೆಯದು, ಎಣ್ಣೆತಿಂಡಿಯನ್ನು ಅಚ್ಚಾದ ಪೇಪರಿನಲ್ಲಿ ಕಟ್ಟುವುದು. ಶಾಯಿ ತಿಂಡಿಗೆ ಅಂಟುತ್ತದೆ. ನಮ್ಮಲ್ಲಿ ಬಾಳೆಲೆಗೆ ಬರಗಾಲವಿಲ್ಲವಲ್ಲ. ಮೂರನೆಯದು ಬಚ್ಚಲ ಒಲೆ. ನೀರು ಕಾಯಿಸುವಾಗ ನಾಲ್ಕು ಪ್ಲಾಸ್ಟಿಕ್ ತುರುಕಿದರೆ ಬೆಂಕಿ ಬೇಗ ಹಿಡಿಯುತ್ತದೆ, ನಿಜ. ಆದರೆ ಆ ಹೊಗೆ ಮೊದಲು ಹೋಗುವುದು ಊದುಕೊಳವೆ ಹಿಡಿದು ಕುಳಿತ ಮನೆಯಾಕೆಯ ಶ್ವಾಸಕ್ಕೆ. ಉಳಿದದ್ದು ಬೂದಿಯೊಂದಿಗೆ ತರಕಾರಿಯ ಸಾಲಿಗೆ ಸೇರುತ್ತದೆ.

ಕೆಲವರಿಗೆ ಇನ್ನೊಂದು ಉಪಾಯ ಗೊತ್ತು. ಕತ್ತಲಾದ ಮೇಲೆ ಗೋಣಿ ಕಟ್ಟಿ ದ್ವಿಚಕ್ರದಲ್ಲಿ ಒಯ್ದು ಹೊಳೆಗೋ, ಗಡಿಯ ಆಚೆಗೋ ಎಸೆದು ಬರುವುದು. ಗಡಿ ಎಂಬುದು ನಕ್ಷೆಯಲ್ಲಿರುವ ಗೆರೆ. ಮಳೆನೀರಿಗೆ ಅದು ಕಾಣುವುದಿಲ್ಲ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಅಡಿಕೆ, ತೆಂಗಿನ ತೋಟಗಳನ್ನು ನುಂಗಿತು. ಅಲ್ಲಿನ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಆ ತೋಟದವರು ಗುಡ್ಡ ಕಟ್ಟಿದವರಲ್ಲ. 2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರದ ಕಸಕ್ಕೆ ಹಿಡಿದ ಬೆಂಕಿ ಹತ್ತು ದಿನಕ್ಕೂ ಹೆಚ್ಚು ಕಾಲ ಉರಿದು ಇಡೀ ನಗರಕ್ಕೆ ಹೊಗೆ ಕುಡಿಸಿತು. 2024ರ ಡಿಸೆಂಬರಿನಲ್ಲಿ, ನಮ್ಮ ರಾಜ್ಯದಿಂದ ಹೋಗಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಹಳ್ಳಿಗಳಲ್ಲಿ ಸುರಿದಿದ್ದ ಆಸ್ಪತ್ರೆಯ ಕಸವನ್ನು ಹಸಿರು ನ್ಯಾಯಮಂಡಳಿಯ ಆದೇಶದಂತೆ ಕೇರಳವೇ ಲಾರಿಗಳಲ್ಲಿ ಹಿಂದೆ ತರಬೇಕಾಯಿತು. ಕರ್ನಾಟಕವಾದರೇನು, ಕೇರಳವಾದರೇನು, ತಮಿಳುನಾಡಾದರೇನು, ಎಸೆದದ್ದು ಯಾರದೋ ಅಂಗಳಕ್ಕೇ ಬೀಳುತ್ತದೆ. ಗಡಿಯಲ್ಲಿ ಬದುಕುವ ನಮಗೆ ಇದು ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗಬೇಕು. ನಮ್ಮ ನೆಂಟರು ಆಚೆಯೂ ಇದ್ದಾರೆ, ಈಚೆಯೂ ಇದ್ದಾರೆ.

ಕೊನೆಯದಾಗಿ ಹಳೆಯ ವಸ್ತುಗಳನ್ನು ಕೈದಾಟಿಸುವ ಮಾತು. ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಬಳಸುವುದಕ್ಕೆ ಈಗ ಏನೋ ನಾಚಿಕೆ. ಆದರೆ ಹುಟ್ಟಿದ ಕೂಸಿಗೆ ನಾವು ಮೊದಲು ಸುತ್ತುವುದು ಯಾವುದನ್ನು? ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿಬಟ್ಟೆಯನ್ನು. ಜೀವನದ ಮೊದಲ ಉಡುಗೆಯೇ ಹಳತು ಎಂದ ಮೇಲೆ ನಾಚಿಕೆಗೆ ಎಡೆ ಎಲ್ಲಿ? ಮಗುವಿನ ಸೈಕಲು, ಸ್ಲೇಟು, ಮಳೆಗಾಲದ ಕೋಟು, ಹೊಲಿಗೆಯ ಯಂತ್ರ, ಮೂಲೆಯಲ್ಲಿ ಧೂಳು ತಿನ್ನುವ ಕುರ್ಚಿ, ಇವೆಲ್ಲ ಬೇಕಾದವರು ಪಕ್ಕದ ಬೈಲಿನಲ್ಲೇ ಇದ್ದಾರೆ. ಕೊಡುವಾಗ ಒಂದೇ ನಿಯಮ. ನಿಮ್ಮ ಮನೆಯ ಮಗುವಿಗೆ ಕೊಡಲು ಮನಸ್ಸು ಬಾರದ್ದನ್ನು ಬೇರೆ ಮಗುವಿಗೂ ಕೊಡಬೇಡಿ. ಗುಂಡಿ ಹೋಗಿದ್ದರೆ ಹೊಲಿದು ಕೊಡಿ.

ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ನಾವು ಓದುವಾಗ ಮೇಲಿನ ತರಗತಿಯವರ ಪುಸ್ತಕವನ್ನು ಅರ್ಧ ಕ್ರಯಕ್ಕೆ ಕೊಂಡು, ಕ್ಯಾಲೆಂಡರಿನ ಹಾಳೆಯಲ್ಲಿ ಹೊದಿಕೆ ಹಾಕಿ, ಮುಂದಿನವರಿಗೆ ದಾಟಿಸುತ್ತಿದ್ದೆವು. ಕೇರಳದಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಸಂಖ್ಯೆಯಲ್ಲಿ ಕಡಿಮೆ. ಅವರ ಪುಸ್ತಕ ಕಳೆದುಹೋದರೆ ಪೇಟೆಯಲ್ಲಿ ಇನ್ನೊಂದು ಸುಲಭದಲ್ಲಿ ದೊರೆಯುವುದಿಲ್ಲ. ಮಂಗಳೂರಿನಿಂದ ತಂದರೆ ಅದು ಕರ್ನಾಟಕದ ಪಾಠ, ನಮ್ಮ ಪಠ್ಯಕ್ರಮವೇ ಬೇರೆ. 2024 ಮತ್ತು 2025ರ ಶಾಲಾ ವರ್ಷಗಳಲ್ಲಿ ಕೇರಳದಲ್ಲಿ ಒಂದರಿಂದ ಹತ್ತರವರೆಗಿನ ಪುಸ್ತಕಗಳು ಹೊಸತಾದವು. ಇನ್ನು ಕೆಲವು ವರ್ಷ ಅವೇ ನಡೆಯಬೇಕು. ಆದ್ದರಿಂದ ಪರೀಕ್ಷೆ ಮುಗಿದ ಕೂಡಲೇ ಅದನ್ನು ತೂಕಕ್ಕೆ ಹಾಕದೆ ಶಾಲೆಗೋ, ಊರಿನ ವಾಚನಾಲಯಕ್ಕೋ ಕೊಡಿ.

ತೂಕದ ಮಾತು ಬಂತು. ಹಿರಿಯರು ತೀರಿಕೊಂಡ ಮನೆಗಳಲ್ಲಿ ಅಟ್ಟ ಇಳಿಸುವಾಗ ಯಕ್ಷಗಾನ ಪ್ರಸಂಗಗಳು, ಹಳೆಯ ಮಾಸಪತ್ರಿಕೆಗಳು, ದೇವಸ್ಥಾನದ ಸ್ಮರಣ ಸಂಚಿಕೆಗಳು, ಕೈಬರಹದ ಲೆಕ್ಕದ ಪುಸ್ತಕಗಳು ಸಿಗುತ್ತವೆ. ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಅವು ನೇರ ಗುಜರಿಯವನ ತಕ್ಕಡಿಗೆ ಹೋಗುತ್ತವೆ. ಕಬ್ಬಿಣ ಕರಗಿ ಮತ್ತೆ ಕಬ್ಬಿಣವಾಗುತ್ತದೆ. ಪುಸ್ತಕ ಕರಗಿದರೆ ಬರಿಯ ರಟ್ಟಾಗುತ್ತದೆ, ಅದರೊಳಗಿದ್ದ ಮಾತು ಹಿಂದೆ ಬರುವುದಿಲ್ಲ. ಗೋವಿಂದ ಪೈಗಳು ಬಾಳಿದ ಮಂಜೇಶ್ವರದ ಮಣ್ಣಿನವರು ನಾವು. ಗೋಣಿ ಕಟ್ಟುವ ಮೊದಲು ಓದಬಲ್ಲ ಒಬ್ಬರನ್ನು ಕರೆದು ತೋರಿಸಿ. ವಿಂಗಡಿಸುವುದು ಎಂದರೆ ಇದೂ ಹೌದು.

ಈ ವಾರ ಮನೆಯಲ್ಲಿ ಎರಡು ಗೋಣಿ ತೂಗಹಾಕಿ. ಒಂದು ಹರಿತ ಕರ್ಮ ಸೇನೆಗೆ, ಒಂದು ಗುಜರಿಗೆ. ಇನ್ನೂ ಬಾಳುವ ವಸ್ತುಗಳಿಗೆ ಜಗಲಿಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಇರಲಿ. ತಿಂಗಳ ಕೊನೆಗೆ ನಿಜವಾದ ಕಸ ಎಷ್ಟು ಉಳಿಯಿತೆಂದು ನೋಡಿ. ಒಂದು ಮುಷ್ಟಿಗಿಂತ ಬಹಳ ಹೆಚ್ಚು ಇರಲಾರದು ಎಂಬುದು ನನ್ನ ಲೆಕ್ಕ.