ಕೀಲಿ ಹಾಕಿದ ಹಳೇ ಮನಿ
(ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ 25 ವರ್ಷದ ಲೆಕ್ಕ ಅಧ್ಯಕ್ಷರು ಹೇಳಿದರು. ನಾನು ಒಂದು ಮನಿಯ ಮಾತು ಹೇಳುತ್ತೇನೆ.

ಆಗಸ್ಟ್ 2019ರಲ್ಲಿ ಕೃಷ್ಣೆಗೆ ಮಹಾಪೂರ ಬಂದದ್ದು ತಮಗೆಲ್ಲ ಗೊತ್ತು. ಅಥಣಿ, ರಾಯಬಾಗ, ಚಿಕ್ಕೋಡಿ, ಕಾಗವಾಡ ಕಡೆಯ ಹೊಳಿ ದಂಡೆ ಊರುಗಳಲ್ಲಿ ನೀರು ಇಳಿದ ಮೇಲೂ ಮಣ್ಣಿನ ಗೋಡೆಗಳು ಕುಸಿದವು, ಬುಡ ನೆನೆದಿತ್ತು. ನಮ್ಮ ಹಿರಿಯರ ಮನಿ ಉಳೀತು. ಆದರೆ ಪಾಲಿನ ಜಗಳದಲ್ಲಿ ನಾವು ಅಣ್ಣತಮ್ಮಂದಿರು ಅದಕ್ಕೆ ಕೀಲಿ ಜಡಿದೆವು. ಒಂದೆರಡು ವರ್ಷದಾಗ ಹಿತ್ತಲ ತುಂಬ ಕಾಂಗ್ರೆಸ್ ಕಸ, ಪೀಕಜಾಲಿ. ಗೋಡೆಯ ಬಿರುಕಿನಾಗ ಅರಳಿ ಸಸಿ. ಪೂರಕ್ಕೆ ಬೀಳದ ಮನಿ ನಮ್ಮ ಹಟಕ್ಕೆ ಬೀಳುವಂತಾಯಿತು.

"ಕೆಡವೂದಾದ್ರ ಕೆಡವ್ರಿ, ಇಲ್ಲಾಂದ್ರ ಕೀಲಿ ತಗೀರಿ" ಅಂದಳು ಅವ್ವ. ತಗದೆವು.

ಕಾಂಗ್ರೆಸ್ ಕಸ ಮೈಗೆ ಹತ್ತಿದರೆ ತುರಿಕೆ. ಅದಕ್ಕೆ ಕೈಗೆ ಚೀಲ ಕಟ್ಟಿಕೊಂಡು, ಹೂ ಬಿಡುವ ಮುಂಚೆ ಬೇರುಸಹಿತ ಕಿತ್ತೆವು. ಹಾವು ಇರಬಹುದೆಂದು ಕಲ್ಲಿನ ರಾಶಿಯನ್ನು ಕೋಲಿನಿಂದ ಸರಿಸಿದೆವು. ಮೇಲ್ಮುದ್ದಿಯ ನೀರು ಗೋಡೆಗೆ ಇಳಿಯದಂತೆ ಹರನಾಳಿಗೆ ಸರಿಮಾಡಿದೆವು. ಒಂದು ಗೋಡೆಗೆ ಸಿಮೆಂಟ್ ಬಳಿಸಿ ನಾನು ತಪ್ಪು ಮಾಡಿದೆ. ಒಳಗಿನ ತೇವ ಹೊರಗೆ ಹೋಗದೆ ಅದು ಹಪ್ಪಳದಂತೆ ಎದ್ದು ಬಂತು. ಉಳಿದವಕ್ಕೆ ಸುಣ್ಣದ ಗಾರೆ ಹಾಕಿಸಿದೆವು.

ಈಗ ಅವ್ವ ಅಲ್ಲೇ ಇರುತ್ತಾಳೆ. ಅಣ್ಣ ದೀಪಾವಳಿಗೆ ಬರುತ್ತಾನೆ. ಪಾಲಿನ ಮಾತು ಇನ್ನೂ ಮುಗಿದಿಲ್ಲ, ಆದರೆ ಮನಿ ನಿಂತೈತಿ. ಕೀಲಿ ಹಾಕಿದ ಮನಿ ಇದ್ದವರು ಮಿರಗ ಮಳಿಗಿಂತ ಮುಂಚೆ ಒಮ್ಮೆ ಹೋಗಿ ಗೋಡೆಯ ಬುಡ ನೋಡಿ ಬರ್ರಿ.