ಅಂಗಳದ ಸಾಲಿಗೆ ದೊಡ್ಡ ಓದು ಯಾಕೆ?



ನಮ್ಮ ಸೊಸೆ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಸೇವಿಕೆ. ಹದಿನಾರು ವರ್ಷಗಳಿಂದ ಅದೇ ಕೆಲಸ. ಕಳೆದ ವರ್ಷ, ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ, ದೂರಶಿಕ್ಷಣದ ಮೂಲಕ ಶಿಶುಶಿಕ್ಷಣದ ವಿಷಯದಲ್ಲಿ ಎಂ.ಎ. ಪದವಿ ಪಡೆದಳು. ಮನೆಮನೆಗೆ ಪೇಢೆ ಹಂಚಿದೆವು. ಎಲ್ಲರೂ ಸಂತೋಷಪಟ್ಟರು. ಆದರೆ ಪೇಢೆ ಬಾಯಲ್ಲಿ ಇಟ್ಟುಕೊಂಡೇ ಅನೇಕರು ನನ್ನನ್ನು ಕೇಳಿದರು: "ಅಲ್ರೀ ಕಾಕಾ, ಸಣ್ಣ ಹುಡುಗರನ್ನ ಆಡಸಾಕ, ಖಿಚಡಿ ಉಣಸಾಕ ಎಂ.ಎ. ಯಾಕ ಬೇಕ್ರಿ?"

ಪ್ರಶ್ನೆ ಕುಚೋದ್ಯದ್ದಲ್ಲ, ಪ್ರಾಮಾಣಿಕವಾದದ್ದೇ. ಅದಕ್ಕೆ ನನಗೆ ತಿಳಿದಷ್ಟು ಉತ್ತರ ಕೊಡುವುದೇ ಇವತ್ತಿನ ನನ್ನ ಮಾತಿನ ಉದ್ದೇಶ.

ನಾನು ಪಂಡಿತನಲ್ಲ. ಮ್ಯಾಟ್ರಿಕ್ ಪಾಸಾಗಿ, ಬ್ಯಾಂಕಿನಲ್ಲಿ ಕಾರಕೂನನಾಗಿ ಸೇರಿ, ಅಲ್ಲಿಂದಲೇ ನಿವೃತ್ತನಾದವನು. ಆದರೆ ಆಕೆಯ ಓದನ್ನು ಬಹಳ ಹತ್ತಿರದಿಂದ ಕಂಡಿದ್ದೇನೆ. ಎರಡು ವರ್ಷದ ಪದವಿ ಮುಗಿಯಲು ಮೂರು ವರ್ಷ ಹಿಡಿಯಿತು. ರವಿವಾರ ನಸುಕಿನ ಎಸ್.ಟಿ. ಬಸ್ಸಿಗೆ ಸೋಲಾಪುರಕ್ಕೆ ಹೋಗಿ ಪಾಠ ಕೇಳಿ ಬರುವಳು. ಉಳಿದ ದಿನ ರಾತ್ರಿ, ರೊಟ್ಟಿ ಬಡಿದು, ಎಲ್ಲರ ಊಟ ಮುಗಿದ ಮೇಲೆ ಪುಸ್ತಕ ಹಿಡಿಯುವಳು. ಪುಸ್ತಕಗಳು ಇಂಗ್ಲಿಷಿನಲ್ಲಿ. ನನ್ನ ಕೈಯಲ್ಲಿ ಇಂಗ್ಲಿಷ್-ಮರಾಠಿ ನಿಘಂಟು. "ಮಾವಾರ, ಈ ಶಬ್ದದ ಅರ್ಥ ನೋಡ್ರಿ" ಎಂದರೆ ನಾನು ಮರಾಠಿ ಅರ್ಥ ಓದುವುದು, ಅದನ್ನು ಆಕೆ ಕನ್ನಡದಲ್ಲಿ ಬರೆದುಕೊಳ್ಳುವುದು. ಹೀಗೆ ಮೂರು ವರ್ಷ ನಿಘಂಟು ಹಿಡಿದು ಕೂತದ್ದರಿಂದ ನನ್ನ ಕಿವಿಗೂ ನಾಲ್ಕು ಮಾತು ಬಿದ್ದಿವೆ.

ಮೊದಲನೆಯ ಮಾತು ಇದು. ಆ ಓದಿನಲ್ಲಿ ಕಲಿಸುವುದು ಅಕ್ಷರ ತಿದ್ದಿಸುವ ವಿದ್ಯೆಯನ್ನಲ್ಲ, ಮಗುವನ್ನು ನೋಡುವ ವಿದ್ಯೆಯನ್ನು. ಹುಟ್ಟಿನಿಂದ ಎಂಟು ವರ್ಷದವರೆಗೆ ಮಗುವಿನ ಮೈ, ಮನಸ್ಸು, ಮಾತು ಹೇಗೆ ಬೆಳೆಯುತ್ತವೆ ಎಂಬುದೇ ಅದರ ಮುಖ್ಯ ವಿಷಯ. ಸ್ವಿಟ್ಜರ್ಲೆಂಡಿನ ಪಿಯಾಜೆ ಮತ್ತು ರಶಿಯಾದ ವೈಗೋಟ್ಸ್ಕಿ ಎಂಬ ಇಬ್ಬರು ವಿದ್ವಾಂಸರು ಈ ಶಾಸ್ತ್ರಕ್ಕೆ ಹಿರಿಯರು. ಇಬ್ಬರೂ 1896ರಲ್ಲಿ ಹುಟ್ಟಿದವರು. ಪಿಯಾಜೆಯ ಒಂದು ಪರೀಕ್ಷೆಯನ್ನು ನೀವು ಮನೆಯಲ್ಲೇ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಅಗಲ ಬಟ್ಟಲಿಗೆ ಸಮನಾಗಿ ನೀರು ಹಾಕಿ ನಾಲ್ಕು ವರ್ಷದ ಮಗುವಿಗೆ ತೋರಿಸಿರಿ. ಎರಡೂ ಸಮ ಎನ್ನುತ್ತದೆ. ಅದರ ಕಣ್ಣೆದುರಿಗೇ ಒಂದು ಬಟ್ಟಲಿನ ನೀರನ್ನು ಎತ್ತರದ, ಸಪೂರ ಗಾಜಿನ ಲೋಟಕ್ಕೆ ಸುರಿಯಿರಿ. ಈಗ ಯಾವುದರಲ್ಲಿ ಹೆಚ್ಚು ಎಂದರೆ ಸಾಮಾನ್ಯವಾಗಿ ಲೋಟವನ್ನೇ ತೋರಿಸುತ್ತದೆ. ಇದು ದಡ್ಡತನವಲ್ಲ. ಆ ವಯಸ್ಸಿನ ಬುದ್ಧಿ ಲೋಕವನ್ನು ನೋಡುವ ರೀತಿಯೇ ಹಾಗೆ. ಇದನ್ನು ತಿಳಿದ ಅಕ್ಕೋರು ಮಗುವಿಗೆ ಬೈಯುವುದಿಲ್ಲ, ಮತ್ತೆ ಮತ್ತೆ ಸುರಿದು ಆಡಲು ಬಿಡುತ್ತಾರೆ. ಇನ್ನು ವೈಗೋಟ್ಸ್ಕಿ ಹೇಳಿದ್ದೇನೆಂದರೆ, ಮಗು ಇವತ್ತು ಬಲ್ಲವರ ಕೈಹಿಡಿದು ಮಾಡಿದ್ದನ್ನು ನಾಳೆ ತಾನೇ ಮಾಡುತ್ತದೆ. ಆ ಕೈಯನ್ನು ಎಷ್ಟು ಕೊಡಬೇಕು, ಯಾವಾಗ ಹಿಂದೆ ತೆಗೆಯಬೇಕು ಎಂಬುದನ್ನು ಅರಿಯಲು ಓದು ಬೇಕೇ ಬೇಕು.

ಎರಡನೆಯ ಮಾತು. ಅಂಗನವಾಡಿ ಎಂಬುದು ಬರೀ ಖಿಚಡಿಯ ಮನೆಯಲ್ಲ, ಅದಕ್ಕೊಂದು ದೊಡ್ಡ ಪರಂಪರೆ ಇದೆ. ಜರ್ಮನಿಯಲ್ಲಿ ಫ್ರೋಬೆಲ್ 1837ರಲ್ಲಿ ಸಣ್ಣ ಮಕ್ಕಳಿಗಾಗಿ ಆಟದ ಶಾಲೆ ತೆಗೆದ. ಅದೇ ಮುಂದೆ ಕಿಂಡರ್‌ಗಾರ್ಟನ್ ಆಯಿತು. ರೋಮ್ ನಗರದ ಬಡವರ ಕೇರಿಯಲ್ಲಿ ಡಾಕ್ಟರ್ ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ಮಕ್ಕಳ ಮನೆ ತೆರೆದರು. ಆ ವಿಚಾರಗಳನ್ನು ಓದಿದ ಗಿಜುಭಾಯಿ ಬಧೇಕಾ ಎಂಬ ವಕೀಲರು ವಕೀಲಿ ಬಿಟ್ಟು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಸ್ಥಾಪಿಸಿದರು. ಅವರ ಜೊತೆ ದುಡಿದು ಕಲಿತವರು ತಾರಾಬಾಯಿ ಮೋಡಕ್.

ತಾರಾಬಾಯಿ 1945ರಲ್ಲಿ ಮುಂಬಯಿ ಬಿಟ್ಟು ಬೋರ್ಡಿ ಎಂಬ ಹಳ್ಳಿಗೆ ಹೋದರು. ಅದು ಈಗಿನ ಪಾಲಘರ ಜಿಲ್ಲೆಯಲ್ಲಿದೆ. ಬಾಲ್ಯದಲ್ಲೇ ವಿಧವೆಯಾಗಿದ್ದ ಅನುತಾಯಿ ವಾಘ್ ಅವರ ಜೊತೆಗಾತಿಯಾದರು. ಬಡವರ ಮಕ್ಕಳು ಬಾಲವಾಡಿಗೆ ಬರಲಿಲ್ಲ. ದನ ಕಾಯುವವರು ಯಾರು, ಕೂಸು ಆಡಿಸುವವರು ಯಾರು? ಆಗ ಆ ತಾಯಂದಿರು ಮಕ್ಕಳನ್ನು ದೂರಲಿಲ್ಲ. ಶಾಲೆಯನ್ನೇ ಎತ್ತಿಕೊಂಡು ಅವರ ಕೇರಿಯ ಅಂಗಳಕ್ಕೆ ಹೋದರು. ದನ ಕಾಯುವ ಹುಡುಗರಿಗೆ ಹುಲ್ಲುಗಾವಲಿನಲ್ಲೇ ಪಾಠ ನಡೆಸಿದರು. ಕಲ್ಲು, ಎಲೆ, ಬೀಜ, ಮಣ್ಣು, ಇವೇ ಪಾಠದ ಸಾಮಾನು. ಅಂಗಳದಲ್ಲಿ ನಡೆದ ವಾಡಿಯೇ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಭಾರತ ಸರಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆ ಆರಂಭಿಸಿದಾಗ ಅದರ ಕೇಂದ್ರಗಳಿಗೆ ಇದೇ ಹೆಸರು ಬಂತು. ಆ ಯೋಜನೆಯ ಆರು ಸೇವೆಗಳಲ್ಲಿ ಪೂರಕ ಆಹಾರ ಒಂದು. ಶಾಲಾಪೂರ್ವ ಶಿಕ್ಷಣವೂ ಒಂದು. ನಾವು ಮಾತ್ರ ಮೊದಲನೆಯದನ್ನಷ್ಟೇ ನೆನಪಿಟ್ಟಿದ್ದೇವೆ.

ಇನ್ನು ಮೂರನೆಯ ಮಾತು, ಗಡಿಯವರಾದ ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಅದೆಂದರೆ ಮಗುವಿನ ಮನೆಮಾತು.

ಬ್ಯಾಂಕಿನ ಕೌಂಟರಿನಲ್ಲಿ ನಾನು ವರ್ಷಗಟ್ಟಲೆ ಒಂದು ನೋಟ ನೋಡಿದ್ದೇನೆ. ಮನೆಯ ಲೆಕ್ಕವನ್ನೆಲ್ಲ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡ ಹೆಣ್ಣುಮಗಳು, ಸಂತೆಯಲ್ಲಿ ಯಾರಿಗೂ ಸೋಲದವಳು, ಕೌಂಟರಿನ ಮುಂದೆ ಬಂದೊಡನೆ ಮೂಕಿಯಾಗುತ್ತಿದ್ದಳು. ಚೀಟಿ ಆಕೆಯ ಭಾಷೆಯಲ್ಲಿ ಇಲ್ಲ, ಕೇಳುವವರು ಆಕೆಯ ಭಾಷೆಯಲ್ಲಿ ಕೇಳುವುದಿಲ್ಲ. ಹೆಬ್ಬೆಟ್ಟು ಒತ್ತಿ, ಕೊಟ್ಟಷ್ಟು ತೆಗೆದುಕೊಂಡು ಹೋಗುವಳು. ಆಕೆಗೆ ಬುದ್ಧಿ ಕಡಿಮೆ ಇತ್ತೇ? ಇಲ್ಲ. ಮಾತಿಗೆ ದಾರಿ ಇರಲಿಲ್ಲ, ಅಷ್ಟೇ. ಐವತ್ತು ವರ್ಷದವಳಿಗೆ ಹೀಗಾದರೆ ಮೂರು ವರ್ಷದ ಕೂಸಿನ ಗತಿ ಏನು?

ಸೊಸೆ ಅಭ್ಯಾಸದ ಭಾಗವಾಗಿ ಬೇರೊಂದು ಊರಿನ ಅಂಗನವಾಡಿಯಲ್ಲಿ ಕೆಲವು ವಾರ ಕೂತು ಮಕ್ಕಳನ್ನು ಗಮನಿಸಿ ಬರೆಯಬೇಕಾಗಿತ್ತು. ಅಲ್ಲಿ ಒಬ್ಬ ಹುಡುಗ, ಕನ್ನಡ ಮನೆಯವನು. ಅಲ್ಲಿಯ ಅಕ್ಕೋರು ಒಳ್ಳೆಯವರು, ಆದರೆ ಮರಾಠಿ ಮಾತ್ರ ಬಲ್ಲವರು. ಹುಡುಗನ ಬಗ್ಗೆ "ಬೋಲತ ನಾಹೀ" ಎಂದು ವಹಿಯಲ್ಲಿ ಬರೆದಿದ್ದರು. ಅಂದರೆ ಮಾತಾಡುವುದಿಲ್ಲ ಎಂದು. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಸೊಸೆ ಒಂದು ಬುಟ್ಟಿ ಕರಿಮಣ್ಣು ಕಲಸಿ ಮಕ್ಕಳ ಮುಂದೆ ಇಟ್ಟು, ತಾನೂ ಒಂದು ಎತ್ತು ಮಾಡತೊಡಗಿದಳು. ಆ ಹುಡುಗ ಬಹಳ ಹೊತ್ತು ನೋಡಿ, ಹತ್ತಿರ ಬಂದು ಅಂದನಂತೆ: "ಕೋಡ ಹಿಂಗ ಇರಂಗಿಲ್ರಿ. ನಮ್ಮೆತ್ತಿಂದು ಹಿಂದಕ್ಕ ಬಾಗ್ಯಾವ." ಒಮ್ಮೆ ಬಾಯಿ ತೆರೆದದ್ದೇ ತಡ, ಎತ್ತಿನ ಹೆಸರು, ಬಣ್ಣ, ಅದು ಒದ್ದದ್ದು, ಎಲ್ಲ ಬಂತು. ವಹಿಯಲ್ಲಿ ಮಾತಾಡುವುದಿಲ್ಲ ಎಂದಿದ್ದವನು ಅಂದು ಸುಮ್ಮನಾಗಲಿಲ್ಲ. ಆ ಮರಾಠಿ ಅಕ್ಕೋರು ದೊಡ್ಡ ಮನಸ್ಸಿನವರು. ನೀರು, ಅನ್ನ, ಅವ್ವ, ನೋವು, ಬಾ, ಕೂಡು ಎಂಬ ಮಾತುಗಳನ್ನು ಅವತ್ತೇ ಕನ್ನಡದಲ್ಲಿ ಬರೆಸಿಕೊಂಡರು.

ಬಂಧುಗಳೇ, ಇದು ಮರಾಠಿಯ ಮೇಲಿನ ದೂರಲ್ಲ. ಮರಾಠಿ ನಮ್ಮ ನೆರೆಮನೆಯ ಮಾತು, ವ್ಯವಹಾರದ ಮಾತು. ನಮ್ಮ ಮಕ್ಕಳಿಗೆ ಅದು ಚೆನ್ನಾಗಿ ಬರಲೇಬೇಕು. ಆದರೆ ಶಾಸ್ತ್ರ ಹೇಳುವುದೇನೆಂದರೆ, ಮೊದಲ ಭಾಷೆ ಗಟ್ಟಿಯಾದರೆ ಎರಡನೆಯದು ಅದರ ಹೆಗಲೇರಿ ಬರುತ್ತದೆ. ಮೊದಲು "ನೀರು" ಎಂದವನು ಆಮೇಲೆ "ಪಾಣಿ" ಎಂದೂ ಅನ್ನುತ್ತಾನೆ. "ನೀರು" ಎನ್ನಲು ಅಂಜಿದವನು ಬಾಯಾರಿ ಕೂಡುತ್ತಾನೆ. ಕಾನೂನೂ ಇದೇ ಕಡೆ ಇದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಕಲಮು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಬುನಾದಿಯ ಹಂತವೆಂದು ಕರೆಯಿತು. ಆ ಹಂತಕ್ಕಾಗಿ 2022ರಲ್ಲಿ ಬಂದ ಪಠ್ಯಕ್ರಮದ ಚೌಕಟ್ಟೂ ಮನೆಮಾತಿಗೆ ಒತ್ತು ಕೊಟ್ಟಿದೆ. ಆದರೆ ಕಾಗದದ ಮೇಲಿನ ಮಾತು ಮಗುವಿನ ಕಿವಿಗೆ ತಲುಪುವುದು ಬಲ್ಲ ಸೇವಿಕೆಯ ಬಾಯಿಂದಲೇ. ನಮ್ಮ ಭಾಗದಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಉಳಿಯಬೇಕೆಂದು ನಾವೆಲ್ಲ ಹೇಳುತ್ತೇವೆ. ಮೂರನೆಯ ವರ್ಷಕ್ಕೆ ಕನ್ನಡದ ಬಾಯಿ ಮುಚ್ಚಿಕೊಂಡ ಮಗು ಆರನೆಯ ವರ್ಷಕ್ಕೆ ಕನ್ನಡ ಸಾಲಿಗೆ ಹೇಗೆ ಬಂದೀತು?

ಬ್ಯಾಂಕಿನವನಾದ್ದರಿಂದ ಬಡ್ಡಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಮೇರಿಕದ ಮಿಶಿಗನ್ ಪ್ರಾಂತದ ಇಪ್ಸಿಲಾಂಟಿ ಊರಿನಲ್ಲಿ 1962ರಿಂದ 1967ರವರೆಗೆ ಒಂದು ಪ್ರಯೋಗ ನಡೆಯಿತು. ಬಡ ಕರಿಯ ಜನಾಂಗದ 123 ಮಕ್ಕಳಲ್ಲಿ 58 ಮಕ್ಕಳಿಗೆ ಮೂರು-ನಾಲ್ಕನೆಯ ವಯಸ್ಸಿನಲ್ಲಿ ಒಳ್ಳೆಯ ಶಿಶುಶಿಕ್ಷಣ ಕೊಟ್ಟರು. ಕಲಿಸಿದವರು ತರಬೇತಿ ಪಡೆದ ಶಿಕ್ಷಕಿಯರು. ವಾರಕ್ಕೊಮ್ಮೆ ಮನೆಗೂ ಹೋಗಿ ತಾಯಂದಿರೊಡನೆ ಕೂಡುತ್ತಿದ್ದರು. ಆ ಮಕ್ಕಳಿಗೆ ನಲವತ್ತು ವರ್ಷವಾಗುವವರೆಗೂ ಬೆನ್ನುಹತ್ತಿ ವಿಚಾರಿಸಿದರು. ಕಲಿತ ಗುಂಪಿನಲ್ಲಿ ಶಾಲೆ ಮುಗಿಸಿದವರು ಹೆಚ್ಚು, ಸಂಪಾದನೆ ಹೆಚ್ಚು. ಉಳಿತಾಯ ಖಾತೆ ಇದ್ದವರು ಆ ಗುಂಪಿನಲ್ಲಿ ನೂರಕ್ಕೆ 76, ಇನ್ನೊಂದರಲ್ಲಿ 50. ನೊಬೆಲ್ ಪಾರಿತೋಷಕ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು 2010ರಲ್ಲಿ ಲೆಕ್ಕ ಹಾಕಿ, ಅಲ್ಲಿ ತೊಡಗಿಸಿದ ಹಣಕ್ಕೆ ವರ್ಷಕ್ಕೆ ಶೇಕಡಾ 7ರಿಂದ 10ರಷ್ಟು ಪ್ರತಿಫಲ ಬಂದಿದೆ ಎಂದರು. ಇಂಥ ಠೇವಣಿಯನ್ನು ಬೇಡ ಎನ್ನುವ ಜಾಣ ಯಾರು?

ಸೊಸೆಗೆ ಪದವಿಯಿಂದ ಬಂದ ಲಾಭವೇನು ಎಂದೂ ಕೇಳುವವರಿದ್ದಾರೆ. ಹುದ್ದೆ ಅದೇ, ಮಾನಧನ ಅದೇ. ಇದರಿಂದ ಆಕೆಗೆ ಬೇಸರವಿಲ್ಲ ಎಂದರೆ ಸುಳ್ಳಾದೀತು. "ಓದಿದ್ದು ನನಗ ಸಾಕು ಮಾವಾರ, ಊರವರಿಗೆ ತಿಳೀಬೇಕಲ್ಲ" ಎನ್ನುತ್ತಾಳೆ. ಆದ್ದರಿಂದ ಈಗ ಕೆಲಸ ನಮ್ಮದು, ನಿಮ್ಮದು.

ತಾಯಂದಿರೇ, ಮಕ್ಕಳೊಡನೆ ಮನೆಯಲ್ಲಿ ಧಾರಾಳವಾಗಿ ಕನ್ನಡ ಮಾತಾಡಿರಿ. ಅಜ್ಜಿಯ ಕತೆ, ಒಡಪು, ಗಜಗದ ಆಟ ಇವೆಲ್ಲ ಪಾಠವೇ. ಕೂಸು ಅಂಗನವಾಡಿಯಿಂದ ಬಂದೊಡನೆ "ಏನು ಬರೆದಿ?" ಎನ್ನಬೇಡಿರಿ, "ಏನು ಆಡಿದಿ?" ಎಂದು ಕೇಳಿರಿ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಲುಬು ಇನ್ನೂ ಬಲಿತಿರುವುದಿಲ್ಲ. ಪೆನ್ಸಿಲ್ಲಿಗಿಂತ ಮೊದಲು ಅದಕ್ಕೆ ಮಣ್ಣು ಬೇಕು, ಬೀಜ ಆರಿಸುವುದು ಬೇಕು. ಗ್ರಾಮಸಭೆಗೆ ಹೋದವರು ಚರಂಡಿ, ದೀಪದ ಜೊತೆಗೆ ಅಂಗನವಾಡಿಯ ಮಾತನ್ನೂ ಎತ್ತಿರಿ. ಕನ್ನಡ ಮನೆಗಳಿರುವ ಕೇರಿಗೆ ಕನ್ನಡ ಬಲ್ಲ ಸೇವಿಕೆ ಬೇಕೆಂದು, ಕನ್ನಡದ ಚಿತ್ರಪಟ, ಹಾಡಿನ ಪುಸ್ತಕ ಬೇಕೆಂದು ಅರ್ಜಿ ಬರೆಯಿರಿ. ಮರಾಠಿಯಲ್ಲೇ ಬರೆಯಿರಿ, ಓದುವವರಿಗೆ ಅರ್ಥವಾಗಲಿ. ಎರಡು ಭಾಷೆ ಬಲ್ಲ ನಮ್ಮ ಭಾಗ್ಯಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದಿದೆ?

ಕಾಲೇಜಿನ ಪ್ರಾಧ್ಯಾಪಕರಿಗೆ ದೊಡ್ಡ ಓದು ಬೇಕೆಂದು ಎಲ್ಲರೂ ಒಪ್ಪುತ್ತೇವೆ. ಅವರ ಮುಂದೆ ಕೂಡುವವರು ತಿಳಿಯದಿದ್ದರೆ ಕೈಯೆತ್ತಿ ಕೇಳಬಲ್ಲರು. ಮೂರು ವರ್ಷದ ಕೂಸಿಗೆ ತನಗೇನು ತಿಳಿಯಲಿಲ್ಲ ಎಂಬುದನ್ನೂ ಹೇಳಲು ಬಾರದು. ಹೇಳಲು ಬಾರದವರನ್ನು ಅರಿತುಕೊಳ್ಳಬೇಕಾದವರಿಗೇ ಹೆಚ್ಚಿನ ಓದು ಬೇಕು. ಪೇಢೆ ತಿನ್ನುತ್ತ ಕೇಳಿದವರಿಗೆ ನನ್ನ ಉತ್ತರ ಇಷ್ಟೇ.